ನಮ್ಮೂರ ಬಂಡೆಯ ಮೇಲಿನ ಹಿಮದ ಗೆರೆಗಳು

ನಮ್ಮನೆಯವರು ಹಿಮವನ್ನು ಕಣ್ಣಾರೆ ಕಂಡವರಲ್ಲ. ಆದರೂ ಹಿಮನದಿಯ ಪಾಠ ಅಂದರೆ ಅವರೇ ಮಾಡಬೇಕು ಅಂತ ಶಾಲೆಯಲ್ಲಿ ಎಲ್ಲರೂ ಹೇಳ್ತಿದ್ದರಂತೆ. ವಿಲ್ಸನ್ ಗಾರ್ಡನ್ ಕಡೆಯ ಒಂದು ಹೈಸ್ಕೂಲಿನಲ್ಲಿ ಅವರು ಭೂಗೋಳದ ಮೇಷ್ಟರು. ಮಿಕ್ಕ ಪಾಠಗಳನ್ನು, ಮಳೆ ಮಾರುತವಾಗಲಿ ಗೋಧಿ ಬೆಳೆಯಾಗಲಿ, ಸೊಪ್ಪು ಹೆಚ್ಚಿದ ಹಾಗೆ ಚಕಚಕ ಮುಗಿಸಿಬಿಡ್ತಿದ್ದರು. ಹಿಮನದಿ ಬಂದರೆ ಮಾತ್ರ ಮನುಷ್ಯನೇ ಬೇರೆ. ಆ ಒಂದು ವಾರ ಮನೆಯಲ್ಲೂ ಮಾತಾಡ್ತಿದ್ದರು. ಉಳಿದ ಐವತ್ತೊಂದು ವಾರ ನಮ್ಮ ಜಯನಗರದ ಬಾಡಿಗೆ ಮನೆಯಲ್ಲಿ ಅವರ ಬಾಯಿಂದ ಬರ್ತಿದ್ದ ಮಾತು ಎರಡೇ: ‘ಕಾಫಿ ಆಯ್ತಾ’ ಮತ್ತು ‘ಬರ್ತೀನಿ’.

ಪಾಠದ ಹಿಂದಿನ ಭಾನುವಾರ ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿಚೀಲ ಸುತ್ತಿದ ಐಸ್ ದಿಮ್ಮಿ ಬರ್ತಿತ್ತು. ಐಸ್ ಕಾರ್ಖಾನೆಯವನಿಗೆ ಮೊದಲೇ ಹೇಳಿ ಡಬ್ಬದ ತಳಕ್ಕೆ ಮರಳು, ಚೂರುಗಲ್ಲು ಹಾಕಿಸಿ ಹೆಪ್ಪುಗಟ್ಟಿಸಿದ ದಿಮ್ಮಿ ಅದು. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಕೆಮ್ಮಣ್ಣು ಕಲಸಿ ಬೆಟ್ಟ ಮಾಡೋರು. ನಡುವೆ ಒಂದು ಕಣಿವೆ. ಮೊದಲು ತಂಬಿಗೆಯಲ್ಲಿ ನೀರು ಬಿಟ್ಟು ತೋರಿಸ್ತಿದ್ದರು. “ನೋಡು, ನದಿ ಕೊರೆದರೆ ಹೀಗೆ, ಮಚ್ಚಲ್ಲಿ ಕಚ್ಚು ಹಾಕಿದ ಹಾಗೆ, ಕೆಳಗೆ ಚೂಪು. ಈಗ ಹಿಮ ಬರುತ್ತೆ ನೋಡು.” ಐಸ್ ದಿಮ್ಮಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕಣಿವೆಯೊಳಗೆ ಮೆಲ್ಲಗೆ ಎಳೆಯೋರು. ಕೈ ಕೆಂಪಗಾಗಿ ಮರಗಟ್ಟಿದರೂ ಬಿಡ್ತಿರಲಿಲ್ಲ. ಎಳೆದು ಮುಗಿಸಿದ ಮೇಲೆ ಆ ಚೂಪು ತಳ ಬಾಣಲೆಯ ತಳದ ಹಾಗೆ ಅಗಲವಾಗಿರ್ತಿತ್ತು. ಇಕ್ಕೆಲದ ಗೋಡೆಯ ಮೇಲೆ ಉದ್ದುದ್ದ ಗೆರೆ.

“ಬರೀ ಐಸ್ ಏನನ್ನೂ ಕೊರೆಯೋಲ್ಲ. ಅದರ ಹೊಟ್ಟೆ ಕೆಳಗೆ ಸಿಕ್ಕಿಕೊಂಡಿರೋ ಮರಳು, ಕಲ್ಲು ಇದೆಯಲ್ಲ, ಅದು ಕೊರೆಯೋದು. ಐಸ್ ಭಾರ ಹಾಕುತ್ತೆ ಅಷ್ಟೆ. ಬಡಗಿ ಹಲಗೆ ಮೇಲೆ ತೋಪಡ ಎಳೆದ ಹಾಗೆ.”

“ನದಿ ಅಂತೀರಿ, ಹರಿಯುತ್ತೇನ್ರೀ ಅದು?” ಅಂತ ನಾನು ಮೊದಲ ವರ್ಷ ಕೇಳಿದ್ದೆ.

“ಹರಿಯುತ್ತೆ ಕಣೇ. ದಿನಕ್ಕೆ ಒಂದು ಗೇಣೋ ಒಂದು ಮೊಳವೋ. ನಿಂತು ನೋಡಿದರೆ ಗೊತ್ತಾಗಲ್ಲ.”

ಒಂದು ಬೆಟ್ಟವನ್ನು ಮೂರು ಕಡೆಯಿಂದ ಹಿಮ ಬಗೆದರೆ ನಡುವೆ ಉಳಿಯೋದೇ ಪುಸ್ತಕದ ಚಿತ್ರದಲ್ಲಿ ಕಾಣೋ ಚೂಪು ಶಿಖರ ಅಂತ ನನಗೆ ಅವತ್ತು ತಿಳೀತು. ಸಣ್ಣ ಹಿಮನದಿಗೆ ದೊಡ್ಡದರಷ್ಟು ಆಳ ಕೊರೆಯೋ ತ್ರಾಣ ಇರಲ್ಲವಂತೆ. ಅದಕ್ಕೇ ಅದರ ಕಣಿವೆ ಅಟ್ಟದ ಥರ ಮೇಲೇ ನಿಂತುಬಿಡುತ್ತಂತೆ, ಅಲ್ಲಿಂದ ನೀರು ದಬದಬ ಕೆಳಗೆ ಬೀಳುತ್ತಂತೆ. ಐಸ್ ಕರಗಿದ ಮೇಲೆ ಕಣಿವೆಯ ಬಾಯಲ್ಲಿ ಮರಳು, ಚೂರುಗಲ್ಲಿನ ಗುಡ್ಡೆ ಉಳೀತಿತ್ತು. “ಹಿಮ ಎಲ್ಲೀವರೆಗೆ ಬಂದಿತ್ತು ಅನ್ನೋದಕ್ಕೆ ಈ ಗುಡ್ಡೆಯೇ ಸಾಕ್ಷಿ” ಅನ್ನೋರು. ನಾನು ಓದಿದ್ದು ಬರೀ ಮಿಡ್ಲ್ ಸ್ಕೂಲು. ಆದರೂ ಹೇಳ್ತೀನಿ, ಆ ಹಿತ್ತಲಲ್ಲಿ ಕೂತು ನಾನು ಹಿಮಾಲಯ ನೋಡಿದೀನಿ. ಆಮೇಲೆ ಆ ಮಣ್ಣು ರಾಡಿ ಬಳಿಯೋಳೂ ನಾನೇ ಅನ್ನಿ.

ಇಷ್ಟು ಆಸೆ ಇಟ್ಟುಕೊಂಡ ಮನುಷ್ಯ ಒಂದು ಸಲವೂ ಯಾಕೆ ಹೋಗಲಿಲ್ಲ? ಅದೇ ನನ್ನ ಎದೆಯ ಮೇಲಿನ ಕಲ್ಲು.

ನಮ್ಮ ಮದುವೆಯಾದ ಹೊಸತು, ಐವತ್ತರ ದಶಕದ ಮೊದಲಲ್ಲಿ, ಟ್ರಂಕು ತೆಗೆದು ಬಟ್ಟೆ ಜೋಡಿಸ್ತಿದ್ದೆ. ತಳದಲ್ಲಿ ಒಂದು ಉಣ್ಣೆಯ ಸ್ವೆಟರ್ ಸಿಕ್ಕಿತು. ಕಂಬಳಿಯಷ್ಟು ದಪ್ಪ, ಕುತ್ತಿಗೆ ಮುಚ್ಚೋ ಕಾಲರು. ಕಂಟೋನ್ಮೆಂಟಿನಲ್ಲಿ ಮಿಲಿಟರಿಯವರ ಹಳೇ ಸಾಮಾನು ಮಾರೋ ಅಂಗಡೀಲಿ ತಂದದ್ದಂತೆ. ಒಂದು ದಿನವೂ ಮೈಗೆ ಹಾಕಿದ್ದಲ್ಲ. ‘ಬೆಂಗಳೂರಿನ ಚಳಿಗೆ ಇದ್ಯಾಕೆ?’ ಅಂತ ಅತ್ತೆಯನ್ನು ಕೇಳಿದೆ.

ಅತ್ತೆ ಅಕ್ಕಿ ಆರಿಸ್ತಾ ಕೂತಿದ್ದವರು ತಲೆ ಎತ್ತಲಿಲ್ಲ. “ಕಾಲೇಜಿನ ಹುಡುಗರೆಲ್ಲ ಮೇ ತಿಂಗಳಲ್ಲಿ ಹಿಮಾಲಯಕ್ಕೆ ಹೊರಟಿದ್ರು. ನನ್ನ ಮಗನೂ ಹೆಸರು ಕೊಟ್ಟಿದ್ದ. ನಿನ್ನ ಲಗ್ನ ಮೇ ತಿಂಗಳಲ್ಲೇ ಬಂದು ಕೂತ್ಕೊಳ್ತು. ಇನ್ನೇನು ಹೋಗ್ತಾನೆ, ಬಿಟ್ಟ” ಅಂದರು.

ಅತ್ತೆಯ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ, ನನಗಂತೂ ಬಾಸುಂಡೆ ಬರೋ ಹಾಗೆ ಬಿತ್ತು. ನಾನೇನು ಮೇ ತಿಂಗಳು ಬೇಕು ಅಂತ ಹಟ ಹಿಡಿದಿದ್ದೆನಾ? ಹದಿನೇಳು ವರ್ಷದ ಹುಡುಗಿಯನ್ನು ಯಾರು ಕೇಳ್ತಾರೆ? ಆದರೂ ಆ ಸ್ವೆಟರ್ ಮಡಿಸಿ ಒಳಗಿಟ್ಟಾಗಿನಿಂದ ಅದು ನನ್ನದೇ ತಪ್ಪು ಅನ್ನೋ ಹಾಗೆ ಆಯ್ತು. ಪ್ರತಿ ವರ್ಷ ಅದನ್ನು ಬಿಸಿಲಿಗೆ ಹಾಕಿ, ನುಸಿಗುಳಿಗೆ ಬದಲಾಯಿಸಿ, ಮತ್ತೆ ಟ್ರಂಕಿನ ತಳಕ್ಕೆ ಇಡ್ತಿದ್ದೆ. ನಮ್ಮನೆಯವರಿಗೆ ಇದು ಗೊತ್ತಿರಲಿಲ್ಲ. ಅತ್ತೆ ತೀರಿಕೊಂಡರು. ಎರಡು ಹೆಣ್ಣುಮಕ್ಕಳಾದವು. ಸ್ವೆಟರ್ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ನನ್ನ ತವರು ತಲಘಟ್ಟಪುರದ ಹತ್ತಿರ, ಕನಕಪುರ ರಸ್ತೆಯಿಂದ ಒಳಗೆ ಒಂದು ಮೈಲಿ. ಅಪ್ಪ ತೀರಿಕೊಂಡ ಮೇಲೆ ಚಿಕ್ಕಪ್ಪನೇ ಯಜಮಾನ. ಗೌರಿ ಹಬ್ಬಕ್ಕೆ ಬಾಗಿನ ತಗೊಳ್ಳೋಕೆ ನಾವೆಲ್ಲ ಹೋಗಿದ್ದೆವು. ಚೀನಾ ಯುದ್ಧಕ್ಕೆ ಎರಡು ವರ್ಷ ಮುಂಚಿನ ಮಾತು ಅನ್ನಿಸುತ್ತೆ. ಹೊಟ್ಟೆ ತುಂಬ ಕಡುಬು ತಿಂದ ನಮ್ಮನೆಯವರು ‘ಒಂದು ಸುತ್ತು ಅಡ್ಡಾಡಿ ಬರ್ತೀನಿ’ ಅಂತ ಊರ ಹಿಂದಿನ ಬಂಡೆಯ ಕಡೆ ಹೋದರು. ಒಂದು ಗಂಟೆ ಬಿಟ್ಟು ಓಡೋಡಿ ಬಂದರು. ಪಂಚೆಯೆಲ್ಲ ಧೂಳು. ಕಣ್ಣು ಹೊಳೀತಿತ್ತು. ಮದುವೆಯಾದಾಗಿನಿಂದ ಆ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ.

“ಬಾ ಇಲ್ಲಿ, ಬಾ ಬೇಗ” ಅಂತ ಕೈ ಹಿಡಿದು ಎಳಕೊಂಡು ಹೋದರು. ಚಿಕ್ಕಮ್ಮನ ಎದುರಿಗೇ! ನಾನು ನಾಚಿಕೆಯಿಂದ ಸತ್ತೇ ಹೋದೆ.

ಆ ಬಂಡೆ ದೊಡ್ಡ ಎಮ್ಮೆ ಮಲಗಿದ ಹಾಗಿತ್ತು. ಊರ ಕಡೆಗೆ ನುಣುಪಾದ ಇಳಿಜಾರು, ಆಚೆ ಬದಿಗೆ ಕಿತ್ತು ಹಾಕಿದ ಹಾಗೆ ಒರಟು. ಇಳಿಜಾರಿನ ಮೇಲೆ ಮೇಲಿಂದ ಕೆಳಗಿನವರೆಗೆ ಗೆರೆಗಳು, ಒಂದರ ಪಕ್ಕ ಒಂದು, ಎಲ್ಲ ಒಂದೇ ದಿಕ್ಕಿಗೆ. ಕೆಲವು ಬೆರಳು ಕೂರುವಷ್ಟು ಆಳ. ಅವರು ಮಂಡಿಯೂರಿ ಆ ಗೆರೆಯೊಳಗೆ ಬೆರಳು ಎಳೀತಾ ಹೇಳಿದರು: “ಹಿಮ ಕಣೇ. ಹಿಮ ಬಂದಿತ್ತು ಇಲ್ಲಿ. ಬರೋ ಕಡೆ ಉಜ್ಜಿ ನುಣುಪು ಮಾಡಿದೆ, ಇಳಿಯೋ ಕಡೆ ಬಂಡೆ ಕಿತ್ಕೊಂಡು ಹೋಗಿದೆ. ಪುಸ್ತಕದಲ್ಲಿರೋ ಹಾಗೇ ಇದೆ. ಕೋಟ್ಯಂತರ ವರ್ಷದ ಹಿಂದೆ ನಮ್ಮ ದೇಶದಲ್ಲಿ ಒರಿಸ್ಸಾ ಕಡೆ ಹಿಮ ಇತ್ತು ಅಂತ ಎಲ್ಲರೂ ಒಪ್ತಾರೆ. ಇಲ್ಲೂ ಇತ್ತು ಅಂತ ಇದುವರೆಗೆ ಯಾರೂ ಹೇಳಿಲ್ಲ!”

ಆ ಗೆರೆ ಹೇಗೆ ಬಂತು ಅನ್ನೋದು ನನಗೆ ಗೊತ್ತಿತ್ತು.

ನಮ್ಮಜ್ಜನ ಕಾಲದಲ್ಲಿ ಊರಿಗೆ ಬೇಕಾದ ಚಪ್ಪಡಿಯೆಲ್ಲ ಆ ಬಂಡೆಯದೇ. ಆಚೆ ಬದಿಯಲ್ಲಿ ಬಂಡೆ ಮೇಲೆ ಸೌದೆ ಉರಿ ಹಾಕಿ, ಪದರ ಎದ್ದ ಮೇಲೆ ಉಳಿ ಹೊಡೆದು ಚಪ್ಪಡಿ ಎಬ್ಬಿಸ್ತಿದ್ದರು. ಅದನ್ನು ಬಂಡೆಯ ಬೆನ್ನು ದಾಟಿಸಿ ಊರ ಕಡೆ ಇಳಿಸಬೇಕಲ್ಲ, ಕೆಳಗೆ ದಪ್ಪ ಮರಳು ಚೆಲ್ಲಿ ಹಗ್ಗ ಕಟ್ಟಿ ಎಳೆಯೋರು. ಚಪ್ಪಡಿ ಜಾರಿಬಿಟ್ಟರೆ ಜನ ಸಾಯ್ತಾರೆ, ಅದಕ್ಕೇ ಹಿಂದಿನಿಂದಲೂ ಹಗ್ಗ ಹಿಡಿದು ಗೇಣು ಗೇಣು ಇಳಿಸೋದು. ಕೆರೆಯ ತೂಬಿನ ಚಪ್ಪಡಿ ಇಳಿಸಿದಾಗ ನನಗೆ ಆರು ವರ್ಷ. ಮೂರು ದಿನ ಹಿಡಿಯಿತು. ಅಮ್ಮನ ಜೊತೆ ಅಂಬಲಿ ಹೊತ್ತುಕೊಂಡು ಹೋಗಿ ನಾನೇ ನೋಡಿದೀನಿ. ಮೂರನೇ ದಿನ ಹಗ್ಗ ಸಡಿಲವಾಗಿ ಅಜ್ಜನ ಎಡಗಾಲಿನ ಎರಡು ಬೆರಳು ಚಪ್ಪಡಿ ಕೆಳಗೆ ಸಿಕ್ಕಿ ಜಜ್ಜಿಹೋದವು. ಆ ಕಿರುಚಾಟ ಈಗಲೂ ಕಿವಿಯಲ್ಲಿದೆ.

“ಅಲ್ಲಾರೀ, ಇದು...” ಅಂತ ಬಾಯಿ ತೆಗೆದೆ.

“ನಿನಗೇನು ಗೊತ್ತು ಸುಮ್ನಿರು” ಅಂದರು. ಬೈದದ್ದಲ್ಲ, ಸಂಭ್ರಮದಲ್ಲಿ ಅಂದದ್ದು. ಆದರೂ ನನ್ನ ಮೂಗಿನ ತುದಿಯ ಕೋಪ ಕೇಳಬೇಕಲ್ಲ? ‘ನನಗೇನೂ ಗೊತ್ತಿಲ್ಲ, ಸರಿ, ನೀವೇ ಕುಣೀರಿ’ ಅಂತ ಬಾಯಿ ಮುಚ್ಚಿಕೊಂಡೆ. ಎರಡು ದಿನದಲ್ಲಿ ಕೋಪ ಇಳಿಯಿತು. ಅಷ್ಟರಲ್ಲಿ ಹೇಳೋದು ಕಷ್ಟವಾಗಿತ್ತು.

ಆಮೇಲೆ ಪ್ರತಿ ಭಾನುವಾರ ಕನಕಪುರದ ಬಸ್ಸು ಹತ್ತಿ ನನ್ನ ತವರಿಗೆ ಹೋಗೋದೇ ಕೆಲಸ. ಟೇಪು, ದಿಕ್ಸೂಚಿ, ತೆಳು ಕಾಗದ, ಪೆನ್ಸಿಲ್ಲು. ಗೆರೆಯ ಮೇಲೆ ಕಾಗದ ಹಾಸಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಬರೋರು. ಊರವರು ನೋಡ್ತಾ ಇದ್ದರು. ಒಬ್ಬರಾದರೂ ಹೇಳಬಾರದಾ? ಇಲ್ಲ! ನಮ್ಮ ಕಡೆ ಅಳಿಯ ಅಂದರೆ ದೇವರ ತಮ್ಮ. ಅಳಿಯ ಕಾಗೆ ಬಿಳಿ ಅಂದರೆ ಹೂಂ ಅಂತ ತಲೆಯಾಡಿಸಿ ಎಳನೀರು ಕೊಚ್ಚಿ ಕೊಡಬೇಕು. ಚಿಕ್ಕಪ್ಪನಂತೂ ಅವರ ಟೇಪಿನ ಇನ್ನೊಂದು ತುದಿ ಹಿಡಿದು ನಿಲ್ತಿದ್ದ. “ಅಳಿಯಂದಿರು ಓದಿದವರು, ಅವರಿಗೆ ಎದುರಾಡೋದುಂಟಾ? ಏನೋ ಅಳತೆ ಮಾಡ್ಕೊಳ್ತಾರೆ ಬಿಡವ್ವ” ಅಂದ ನನಗೆ. ಅವರು ಏನನ್ನು ಹುಡುಕ್ತಿದ್ದಾರೆ ಅಂತ ಕೂಡ ಅವನು ಕೇಳಿರಲಿಲ್ಲ.

ಮನೆ ಬದಲಾಗಿಬಿಟ್ಟಿತ್ತು. ಊಟಕ್ಕೆ ಕೂತಾಗ ಮಾತು. ಮಕ್ಕಳ ಜೊತೆ ನಗು. ಒಂದು ಸಂಜೆ ಬಸವನಗುಡಿಗೆ ಕರ್ಕೊಂಡು ಹೋಗಿ ದೋಸೆ ಕೊಡಿಸಿದರು, ನೋಡಿ! ನಾನು ಹೇಗೆ ಹೇಳಲಿ? ಹೇಳಿದರೆ ಮತ್ತೆ ‘ಕಾಫಿ ಆಯ್ತಾ’, ‘ಬರ್ತೀನಿ’. ಒಂದೊಂದು ದಿನ ಒಲೆ ಮುಂದೆ ಕೂತು ಗಟ್ಟಿ ಮನಸ್ಸು ಮಾಡ್ತಿದ್ದೆ. ಅವರು ಆ ಕಾಗದದ ಸುರುಳಿ ಬಿಚ್ಚಿ ಹರಡಿದ ತಕ್ಷಣ ನಾನೇ ಅದರ ತುದಿ ಒತ್ತಿ ಹಿಡೀತಿದ್ದೆ.

ಡಿಸೆಂಬರಿನಲ್ಲಿ ಅವರು ಉತ್ತರ ಭಾರತದಲ್ಲಿ ಕೆಲಸ ಮಾಡೋ ಒಬ್ಬ ದೊಡ್ಡ ಪ್ರೊಫೆಸರಿಗೆ ಕಾಗದ ಬರೆದು ಅಚ್ಚುಗಳನ್ನು ಕಳಿಸಿದರು. ಆ ಪ್ರೊಫೆಸರು ಕನ್ನಡದವರೇ, ವರ್ಷಾ ವರ್ಷಾ ಹಿಮನದಿಗಳ ಅಳತೆಗೆ ತಂಡ ಕಟ್ಟಿಕೊಂಡು ಹೋಗೋರಂತೆ. ಉತ್ತರ ಬಂತು. ಸಂಕ್ರಾಂತಿ ಹೊತ್ತಿಗೆ ಬೆಂಗಳೂರಿಗೆ ಬರ್ತೀನಿ, ಬಂಡೆ ನೋಡ್ತೀನಿ, ನಿಮ್ಮ ಮಾತು ನಿಜವಾದರೆ ಮೇ ತಿಂಗಳಲ್ಲಿ ನಮ್ಮ ತಂಡದ ಜೊತೆ ನೀವೂ ಹಿಮಾಲಯಕ್ಕೆ ಬನ್ನಿ ಅಂತ.

ಆ ಕಾಗದವನ್ನು ಅವರು ನನಗೆ ಎರಡು ಸಲ ಓದಿ ಹೇಳಿದರು. ನಾನು ಒಳಗೆ ಹೋಗಿ ಟ್ರಂಕಿನ ಮೇಲೆ ಕೂತುಬಿಟ್ಟೆ. ನನ್ನ ಮದುವೆ ಕಿತ್ತುಕೊಂಡ ಮೇ ತಿಂಗಳು ಹನ್ನೊಂದು ವರ್ಷ ಆದ ಮೇಲೆ ವಾಪಸ್ಸು ಬರ್ತಿದೆ. ನಾನು ಬಾಯಿ ಬಿಟ್ಟರೆ ಅದು ಹೋಯ್ತು. ಆಗ ತೀರ್ಮಾನ ಮಾಡಿದೆ. ನಿಜ ಮಣ್ಣುಪಾಲಾಗಲಿ, ಇವರು ಒಂದು ಸಲ ಹಿಮ ನೋಡಲಿ.

ಪ್ರೊಫೆಸರು ಬರೋ ಹಿಂದಿನ ದಿನ ನಾನೊಬ್ಬಳೇ ತವರಿಗೆ ಹೋಗಿ ಎಲ್ಲರಿಗೂ ತಾಕೀತು ಮಾಡಿದೆ. “ಚಪ್ಪಡಿ ಸುದ್ದಿ ಯಾರೂ ಎತ್ತಬೇಡಿ, ನಿಮ್ಮ ದಮ್ಮಯ್ಯ.” ಚಿಕ್ಕಪ್ಪನಿಗೆ ಇದ್ಯಾಕೆ ಅಂತ ಅರ್ಥವಾಗಲಿಲ್ಲ. “ಆಯ್ತು ಬಿಡವ್ವ, ನನಗ್ಯಾಕೆ” ಅಂದ.

ಮಾರನೇ ದಿನ ಪ್ರೊಫೆಸರು ಕಾರಿನಲ್ಲಿ ಬಂದರು. ಅರವತ್ತರ ಹತ್ತಿರ, ತಲೆಗೆ ಹ್ಯಾಟು, ಬಿಸಿಲಿಗೆ ಸುಟ್ಟ ಮುಖ, ಕೈಯಲ್ಲಿ ಸಣ್ಣ ಸುತ್ತಿಗೆ. ಒಳ್ಳೆ ಮನುಷ್ಯ. ಚಿಕ್ಕಮ್ಮ ಕೊಟ್ಟ ನೀರು ಮಜ್ಜಿಗೆಯನ್ನು ನಿಂತಲ್ಲೇ ಕುಡಿದು “ಇನ್ನೊಂದು ಲೋಟ ಕೊಡಮ್ಮ” ಅಂದರು. ಬಂಡೆ ಹತ್ತಿದರು. ನಮ್ಮನೆಯವರು ಹೊಸ ಪಂಚೆ, ಕೋಟು ಹಾಕಿಕೊಂಡು ಹಿಂದೆ ಹಿಂದೆ. ನಾನು ಸ್ವಲ್ಪ ದೂರದಲ್ಲಿ ಸೆರಗು ಹಿಂಡುತ್ತಾ ನಿಂತಿದ್ದೆ.

ಪ್ರೊಫೆಸರು ಕೂತರು, ಭೂತಗನ್ನಡಿ ಹಿಡಿದರು, ಗೆರೆಯ ಅಂಚನ್ನು ಉಗುರಿನಲ್ಲಿ ಕೆರೆದರು. “ಮೇಷ್ಟ್ರೇ, ಅಷ್ಟು ಹಳೇದಾದರೆ ಈ ಅಂಚು ಇಷ್ಟು ಹರಿತವಾಗಿ ಹೇಗೆ ಉಳೀತು? ಬಿಸಿಲು, ಮಳೆ ಎಲ್ಲಾ ಏನು ಮಾಡ್ತಿದ್ವು?” ಅಂದರು. ನಮ್ಮನೆಯವರು ಮೇಲೆ ಮಣ್ಣು ಮುಚ್ಚಿತ್ತೇನೋ, ಈಚೆಗೆ ಕೊಚ್ಚಿಹೋಗಿರಬಹುದು ಅಂತ ಏನೋ ಹೇಳಿದರು.

“ಊರವರನ್ನ ಕೇಳಿದ್ರಾ?”

“ಇವಳನ್ನೇ ಕೇಳಿ ಸಾರ್. ನನ್ನ ಹೆಂಡತಿ. ಹುಟ್ಟಿ ಬೆಳೆದದ್ದು ಇದೇ ಊರಲ್ಲಿ.”

ಹೀಗೆ ಹೇಳಿ ಅವರು ನನ್ನ ಕಡೆ ತಿರುಗಿ ನಕ್ಕರು. ಹನ್ನೊಂದು ವರ್ಷದಲ್ಲಿ ಯಾರ ಮುಂದೆಯೂ ಅವರು ‘ಇವಳನ್ನೇ ಕೇಳಿ’ ಅಂದವರಲ್ಲ. ಅಂದದ್ದು ಇವತ್ತು! ಅಯ್ಯೋ ದೇವರೇ, ಆ ಬಂಡೆ ಬಾಯ್ಬಿಟ್ಟು ನನ್ನನ್ನು ನುಂಗಬಾರದಿತ್ತಾ ಅನ್ನಿಸಿತು.

“ನಾವು ಹುಟ್ಟೋಕೆ ಮುಂಚಿನಿಂದಲೂ ಹೀಗೇ ಇದೆ ಸಾರ್” ಅಂದೆ. “ಯಾರೂ ಏನೂ ಮಾಡಿಲ್ಲ. ಈ ಬಂಡೆಯನ್ನ ಯಾರೂ ಮುಟ್ಟಿಲ್ಲ.”

ಹಿಂದೆ ಏನೋ ದೊಪ್ಪನೆ ಬಿದ್ದ ಸದ್ದು. ಚಿಕ್ಕಪ್ಪ ಎಳನೀರಿನ ಗೊನೆ ಹೊತ್ತು ಬಂದವನು ಅದನ್ನು ಹಾಗೇ ಕೆಳಗೆ ಹಾಕಿಬಿಟ್ಟಿದ್ದ.

“ಏನವ್ವಾ ಹಂಗಂತೀಯಾ?” ಅಂದ. “ಸುದ್ದಿ ಎತ್ತಬೇಡ ಅಂದೆ, ಎತ್ತಲಿಲ್ಲ. ಅಳಿಯಂದಿರ ಮುಂದೆ ಎದುರಾಡಬಾರದು, ಆಡಲಿಲ್ಲ. ಯಾರೂ ಮುಟ್ಟೇ ಇಲ್ಲ ಅಂದ್ರೆ? ನಮ್ಮಪ್ಪನ ಕಾಲಿನ ಎರಡು ಬೆರಳು ಎಲ್ಲೋದವು ಹಂಗಾದ್ರೆ? ನಾಯಿ ತಿಂದೋಯ್ತಾ?”

ಆಮೇಲೆ ಅವನನ್ನು ತಡೆಯೋರು ಯಾರು? ಪ್ರೊಫೆಸರ ಕೈ ಹಿಡಿದುಕೊಂಡೇ ಹೋದ. ಆಚೆ ಬದಿಯಲ್ಲಿ ಬೆಳೆದಿದ್ದ ಪೊದೆ ಸರಿಸಿ ಉಳಿ ಹೊಡೆದ ಗುಳಿಗಳನ್ನು ತೋರಿಸಿದ. ಬೆಂಕಿಯ ಕರಿ ತೋರಿಸಿದ. ಮರಳು ಎಲ್ಲಿಂದ ಹೊರ್ತಿದ್ದರು, ಹಗ್ಗ ಎಲ್ಲಿ ಕಟ್ತಿದ್ದರು, ಅಪ್ಪ ಎಲ್ಲಿ ಬಿದ್ದ, ಎಲ್ಲ. ಕೆರೆಯ ತೂಬಿನವರೆಗೆ ಕರ್ಕೊಂಡು ಹೋಗಿ ಆ ಚಪ್ಪಡಿಯ ಅಡಿಗೆ ಕೈ ಹಾಕಿ ಮುಟ್ಟಿಸಿದ. ಅಲ್ಲೂ ಅದೇ ಗೆರೆ. ನಮ್ಮನೆಯವರು ಬಂಡೆಯ ಮೇಲೆಯೇ ನಿಂತಿದ್ದರು. ನಾನು ಅವರ ಕಡೆ ನೋಡಲಿಲ್ಲ. ನೋಡೋ ಧೈರ್ಯ ಇರಲಿಲ್ಲ.

ಪ್ರೊಫೆಸರು ವಾಪಸ್ಸು ಬಂದವರು ನಗಲಿಲ್ಲ. ಅದಕ್ಕೆ ಅವರಿಗೆ ಪುಣ್ಯ ಬರಲಿ. ನಮ್ಮನೆಯವರ ಹೆಗಲ ಮೇಲೆ ಕೈಯಿಟ್ಟು, “ಮೇಷ್ಟ್ರೇ, ಮೇಲೆ ಭಾರ, ಕೆಳಗೆ ಮರಳು, ಗೇಣು ಗೇಣು ಎಳೆತ. ಹಿಮ ಮಾಡೋದೂ ಇದನ್ನೇ ಅಲ್ವಾ? ನಿಮ್ಮ ಮಾವನ ಮನೆಯವರು ಮೂವತ್ತು ಜನ ಸೇರಿ ಮಾಡಿದ್ದಾರೆ. ನೀವು ಮೋಸ ಹೋಗಿದ್ದರಲ್ಲಿ ಅವಮಾನ ಇಲ್ಲ. ಅಳತೆ ಎಷ್ಟು ಚೊಕ್ಕವಾಗಿ ಮಾಡಿದೀರಿ! ನನಗೆ ಇಂಥವರೇ ಬೇಕು. ಬಂಡೆ ಹಾಳಾಗಲಿ, ಮೇ ತಿಂಗಳಲ್ಲಿ ನೀವು ಬನ್ನಿ. ನಿಜವಾದದ್ದನ್ನ ನೋಡಿ” ಅಂದರು.

ನನ್ನ ಕಣ್ಣಲ್ಲಿ ದಳದಳ ನೀರು ಬಂತು. ಸುಳ್ಳು ಹೋಗಿ ಮಣ್ಣು ಮುಕ್ಕಿತು, ಆದರೂ ಹಿಮಾಲಯ ಉಳೀತು! ಮನಸ್ಸಿನಲ್ಲೇ ಬನಶಂಕರಿ ಅಮ್ಮನಿಗೆ ಕೈ ಮುಗಿದೆ. ನಿಂಬೆಹಣ್ಣಿನ ದೀಪ ಹಚ್ಚುತೀನಿ ತಾಯಿ ಅಂದುಕೊಂಡೆ.

ನಮ್ಮನೆಯವರು ಕೋಟಿನ ಗುಂಡಿ ಹಾಕ್ತಾ, ಬಿಚ್ತಾ, ನೆಲ ನೋಡ್ತಾ ಅಂದರು: “ಬರೋಕೆ ಆಸೆ ಇದೆ ಸಾರ್. ಆದರೆ ಕಷ್ಟ. ಇವಳ ಆರೋಗ್ಯ ಅಷ್ಟಕ್ಕಷ್ಟೇ. ಎರಡು ತಿಂಗಳು ಇವಳನ್ನ ಬಿಟ್ಟು ಬರೋ ಹಾಗಿಲ್ಲ.”

ನನ್ನ ಆರೋಗ್ಯ! ಅವತ್ತು ಬೆಳಿಗ್ಗೆ ಹದಿನೈದು ಜನಕ್ಕೆ ಮುದ್ದೆ ತಿರುವಿದವಳು ನಾನು. ಬಾವಿಯಿಂದ ನಲವತ್ತು ಕೊಡ ಸೇದಿದವಳು. ಮದುವೆಯಾದಾಗಿನಿಂದ ಬಾಣಂತನ ಬಿಟ್ಟರೆ ಒಂದು ದಿನ ಮಲಗಿದವಳಲ್ಲ. ಪ್ರೊಫೆಸರು ನನ್ನನ್ನು ಒಂದು ಸಲ ನೋಡಿದರು. “ಯೋಚನೆ ಮಾಡಿ, ಏಪ್ರಿಲ್‌ನಲ್ಲಿ ಕಾಗದ ಬರೀತೀನಿ” ಅಂದರು. ಅವರೆಕಾಳಿನ ಸಾರು, ಮುದ್ದೆ ಊಟ ಮಾಡಿ ಹೊರಟರು.

ನಾವು ಬಸ್ಸಿನಲ್ಲಿ ವಾಪಸ್ಸು ಹೊರಟೆವು. ಬನಶಂಕರಿ ಗುಡಿಯ ಹತ್ತಿರ ಇಳಿದು ಜಯನಗರದವರೆಗೆ ನಡೆದೇ ಹೋಗಬೇಕು. ಆಗ ಅಲ್ಲೆಲ್ಲ ಖಾಲಿ ಸೈಟು, ಹುಲ್ಲು, ಅಲ್ಲೊಂದು ಇಲ್ಲೊಂದು ಮನೆ. ಸಂಜೆ ಐದು ಗಂಟೆ ಬಿಸಿಲು ಬೆನ್ನ ಮೇಲಿತ್ತು. ಮೊದಲು ಅವರೇ ಕೇಳಿದರು.

“ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳೋಕೆ ಬಂದೆ. ನಿನಗೇನು ಗೊತ್ತು ಸುಮ್ನಿರು ಅಂದ್ರಿ. ಅದಿರಲಿ ಬಿಡಿ, ಅದಕ್ಕಲ್ಲ.” ನಾನು ನಿಂತುಬಿಟ್ಟೆ. ಇಷ್ಟು ವರ್ಷದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. ಸ್ವೆಟರ್ ವಿಷಯ, ಅತ್ತೆ ಹೇಳಿದ್ದು, ನುಸಿಗುಳಿಗೆ, ಎಲ್ಲ. “ನನ್ನ ಲಗ್ನದಿಂದ ನಿಮ್ಮ ಹಿಮಾಲಯ ತಪ್ಪಿತು. ಈ ಸಲವಾದರೂ ಹೋಗಲಿ ಅಂತ ಹೆತ್ತ ಮನೆಯವರ ಮುಂದೆ ಸುಳ್ಳು ಹೇಳಿದೆ. ಸತ್ತ ಅಜ್ಜನ ಮೇಲೆ ಮಣ್ಣು ಎಳೆದೆ. ಆ ಪುಣ್ಯಾತ್ಮ ಬಾ ಅಂತ ಕರೆದರೆ ನೀವು ಮತ್ತೆ ನನ್ನನ್ನೇ ಮುಂದೆ ಮಾಡ್ತೀರಲ್ರೀ! ಏನಾಗಿದೆ ನನ್ನ ಆರೋಗ್ಯಕ್ಕೆ? ಏನು ರೋಗ ನನಗೆ?”

ಅವರು ರಸ್ತೆ ಪಕ್ಕದ ಸೈಟಿನ ಗಡಿಕಲ್ಲಿನ ಮೇಲೆ ಕೂತುಬಿಟ್ಟರು. ಕೋಟು ಬಿಚ್ಚಿ ತೊಡೆ ಮೇಲಿಟ್ಟುಕೊಂಡರು. ಆಮೇಲೆ ಹೇಳಿದರು.

“ಲಗ್ನ ಮೇ ತಿಂಗಳಲ್ಲಿ ಇಟ್ಟದ್ದು ನಿಮ್ಮಪ್ಪ ಅಲ್ಲ ಕಣೇ. ಅವರು ಮುಂದಿನ ಮಾಘಮಾಸ ಆಗಲಿ, ಸುಗ್ಗಿ ಮುಗೀಲಿ ಅಂದಿದ್ರು. ನಾನೇ ಮೇ ತಿಂಗಳಿಗೆ ಒತ್ತಾಯ ಮಾಡಿದೆ.”

ನನಗೆ ಅರ್ಥವಾಗಲಿಲ್ಲ.

“ಹಿಮದ ಮೇಲೆ ಬಿರುಕುಗಳಿರ್ತವೆ. ಮೇಲೆ ತೆಳ್ಳಗೆ ಹೊಸ ಹಿಮ ಮುಚ್ಚಿರುತ್ತೆ, ಕಾಣೋಲ್ಲ. ಕಾಲಿಟ್ಟರೆ ಒಳಗೆ ಹೋಗೋದೇ. ಹಾಗೆ ಹೋದವರ ಕೂಗು ಸ್ವಲ್ಪ ಹೊತ್ತು ಕೇಳುತ್ತಂತೆ, ಆಮೇಲೆ ನಿಂತುಹೋಗುತ್ತಂತೆ. ಸ್ವೆಟರ್ ತಂದ ವಾರ ಅದನ್ನ ಓದಿದೆ. ಅಲ್ಲಿಂದ ನನಗೆ ಊಟ ಸೇರಲಿಲ್ಲ. ಹೆಸರು ವಾಪಸ್ ತಗೋತೀನಿ, ನನಗೆ ಭಯ ಅಂತ ಹೇಗೆ ಹೇಳೋದು? ಮದುವೆ ಅಂದೆ. ಎಲ್ಲರೂ ಒಪ್ಪಿದರು.” ಅವರು ನನ್ನ ಮುಖ ನೋಡಲಿಲ್ಲ. “ಇವತ್ತೂ ಅಷ್ಟೆ. ಬಂಡೆ ಸುಳ್ಳಾಯ್ತು ಅಂದಾಗ ಬೇಜಾರಾಯ್ತು ನಿಜ. ಬನ್ನಿ ಅಂದಾಗ ಕಾಲು ನಡುಗಿತು.”

ಹನ್ನೊಂದು ವರ್ಷ! ಹನ್ನೊಂದು ವರ್ಷ ನಾನು ಆ ಹಾಳು ಸ್ವೆಟರಿನ ಮುಂದೆ ತಪ್ಪಿತಸ್ಥಳ ಹಾಗೆ ಕೂತಿದ್ದೆ. ನನಗೆ ಬಂದ ಸಿಟ್ಟಿಗೆ ಆ ಗಡಿಕಲ್ಲನ್ನೇ ಕಿತ್ತು ಎಸೀಬೇಕು ಅನ್ನಿಸಿತು. ಅವರನ್ನು ಅಲ್ಲೇ ಬಿಟ್ಟು ಒಬ್ಬಳೇ ಮನೆಗೆ ಬಂದೆ. ಒಂದು ತಿಂಗಳು ಅವರ ಜೊತೆ ಮಾತು ಬಿಟ್ಟೆ. ಅವರೂ ಬಿಟ್ಟರು. ಮಕ್ಕಳು ಅಡುಗೆಮನೆಗೂ ಪಡಸಾಲೆಗೂ ನಡುವೆ ಸುದ್ದಿ ಹೊತ್ತವು.

ಆ ವರ್ಷ ಹಿತ್ತಲಿಗೆ ಐಸ್ ದಿಮ್ಮಿ ಬರಲಿಲ್ಲ. ಮುಂದೆಯೂ ಬರಲಿಲ್ಲ. ಹಿಮನದಿ ಪಾಠವನ್ನು ಇನ್ನೊಬ್ಬ ಮೇಷ್ಟರಿಗೆ ಬಿಟ್ಟುಕೊಟ್ಟರು ಅಂತ ಯಾರೋ ಹೇಳಿ ತಿಳೀತು. ಅದನ್ನು ಕೇಳಿದ ದಿನ ಒಲೆ ಮುಂದೆ ಕೂತು ಅತ್ತುಬಿಟ್ಟೆ. ಸಿಟ್ಟು ಇತ್ತು, ಆದರೂ ಅತ್ತೆ. ಆ ಒಂದು ವಾರದ ಮನುಷ್ಯನನ್ನೂ ನಾನು ಕಳಕೊಂಡಿದ್ದೆ.

ಸ್ವೆಟರನ್ನು ಚಿಕ್ಕಪ್ಪನಿಗೆ ಕೊಟ್ಟೆ. ಅವನ ಮುಂದೆ ತಪ್ಪಾಯ್ತು ಅಂದೆ. ಅವನು ಅದನ್ನು ಹಾಕಿಕೊಂಡು ಮುಂದಿನ ಚಳಿಗಾಲವೆಲ್ಲ ರಾಗಿ ಹೊಲ ಕಾದ. ಬೆಳಗಿನ ಜಾವ ಅದೇ ಬಂಡೆಯ ಮೇಲೆ ಕೂತು ಬೀಡಿ ಸೇದ್ತಿದ್ದನಂತೆ. ಈ ಥರ ಬೆಚ್ಚಗಿನ ಬಟ್ಟೆ ಹುಟ್ಟಿದಾಗಿನಿಂದ ಕಂಡಿಲ್ಲ ಅಂತ ಸಾಯೋವರೆಗೂ ಹೇಳ್ತಿದ್ದ.

ಆ ವರ್ಷದ ಏಪ್ರಿಲ್‌ನಲ್ಲೇ, ಹೇಳಿದ ಹಾಗೇ, ಪ್ರೊಫೆಸರ ಕಾಗದ ಬಂತು. ತಂಡ ಹೊರಡೋ ದಿನ, ತರಬೇಕಾದ ಸಾಮಾನು ಎಲ್ಲ ಬರೆದಿದ್ದರು. ನಮ್ಮನೆಯವರು ಅದನ್ನು ಮೇಜಿನ ಮೇಲಿಟ್ಟು ನಾಲ್ಕು ದಿನ ಅದರ ಸುತ್ತ ಓಡಾಡಿದರು. ಐದನೇ ದಿನ ಉತ್ತರ ಬರೆದು, ಲಕೋಟೆ ಅಂಟಿಸದೆ ನನ್ನ ಮುಂದಿಟ್ಟು ಪಡಸಾಲೆಗೆ ಹೋದರು. ತೆಗೆದು ಓದಿದೆ. ‘ಪತ್ನಿಯ ಅನಾರೋಗ್ಯದ ಕಾರಣ’ ಅಂತ ಎರಡನೇ ಸಾಲಿನಲ್ಲೇ ಇತ್ತು.

ಹರಿದು ಮುಖದ ಮೇಲೆ ಎಸೀಬಹುದಿತ್ತು. ನನ್ನ ಸ್ವಭಾವಕ್ಕೆ ಅದೇ ಸರಿ. ಪಡಸಾಲೆಯ ಬಾಗಿಲಲ್ಲಿ ನಿಂತು ನೋಡಿದೆ. ಅವರು ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದರು, ಕತ್ತಿನ ಹಿಂದೆ ಕೂದಲು ಬೆಳ್ಳಗಾಗೋಕೆ ಶುರುವಾಗಿತ್ತು. ನಾನು ಒಳಗೆ ಹೋಗಿ ಅನ್ನದ ಅಗುಳಿನಲ್ಲಿ ಲಕೋಟೆ ಅಂಟಿಸಿದೆ. ಚಪ್ಪಲಿ ಮೆಟ್ಟಿ, ಮೂಲೆಯ ಕೆಂಪು ಡಬ್ಬಿಯವರೆಗೆ ಹೋಗಿ ಹಾಕಿದೆ.

ವಾಪಸ್ಸು ಬರುವಾಗ ಎದುರು ಮನೆಯಾಕೆ ರಂಗೋಲಿ ಇಡ್ತಿದ್ದವರು ಎದ್ದು ನಿಂತರು. ಅವರ ಯಜಮಾನರೂ ನಮ್ಮನೆಯವರ ಶಾಲೆಯಲ್ಲೇ ಮೇಷ್ಟರು. “ಏನ್ರೀ, ನಿಮಗೆ ಮೈ ಹುಷಾರಿಲ್ಲವಂತೆ? ಅದಕ್ಕೇ ಮೇಷ್ಟ್ರು ಹಿಮಾಲಯಕ್ಕೆ ಹೋಗ್ತಿಲ್ಲವಂತೆ? ಪಾಪ, ಎಷ್ಟು ಆಸೆ ಇತ್ತು ಅವರಿಗೆ” ಅಂದರು.

ನಮ್ಮ ಕಿಟಕಿ ಅಲ್ಲಿಗೆ ಕಾಣುತ್ತೆ. ನಮ್ಮನೆಯವರು ಅಲ್ಲೇ ನಿಂತಿದ್ದರು.

“ಹೌದು ಕಣ್ರೀ” ಅಂದೆ. “ನನಗೇ ಸ್ವಲ್ಪ ಸುಸ್ತು.”